ನೀಲಗಿರಿ, ಅಕೇಶಿಯಾ, ಸಿಲ್ವರ್: ಪಲ್ಪ್‌ಗೆ ಯಾವ ಮರ, ಯಾವ ಲೆಕ್ಕ?

ಪ್ರಶ್ನೆ ಕೇಳಿದವರು: ಬೇಲೂರು ಬೆಳೆಗಾರ

ಮಾನ್ಯರೆ,

ನಮ್ಮದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕು. ಅರೇಹಳ್ಳಿಯ ಕಡೆ ಸ್ವಲ್ಪ ಕಾಫಿ ತೋಟವಿದ್ದು, ಅದರ ನೆರಳಿಗೆಂದು ತಂದೆಯವರು ಹಾಕಿಸಿದ ಸಿಲ್ವರ್ ಓಕ್ ಮರಗಳು ಈಗ ಚೆನ್ನಾಗಿ ಬಲಿತಿವೆ. ಹಳೇಬೀಡಿನ ಕಡೆಗೆ ಇರುವ ಖುಷ್ಕಿ ಜಮೀನಿನಲ್ಲಿ ಬಹಳ ಹಿಂದೆ ನೆಟ್ಟ ನೀಲಗಿರಿಯಿದೆ, ಬದುವಿನ ಉದ್ದಕ್ಕೂ ಅಕೇಶಿಯಾ ಇದೆ. ಈ ವರ್ಷ ನೀಲಗಿರಿಯನ್ನು ಕಡಿಸಬೇಕೆಂದು ಮರದ ವ್ಯಾಪಾರಿಗಳನ್ನು ವಿಚಾರಿಸಿದೆ. ಆದರೆ ಅವರು ಹೇಳಿದ ಲೆಕ್ಕ ಪೂರ್ತಿಯಾಗಿ ಅರ್ಥವಾಗಲಿಲ್ಲ.

ತೊಗಟೆ ಸುಲಿದ ನೀಲಗಿರಿಗೆ ಒಂದು ದರ, ತೊಗಟೆ ಸಹಿತವಾದರೆ ಅದಕ್ಕಿಂತ ಕಡಿಮೆ ದರ ಎನ್ನುತ್ತಾರೆ. ಕಡಿದು ಕೆಲವು ವಾರ ಒಣಗಿದ ಮಾಲಿಗೆ ಟನ್ನಿಗೆ ಹೆಚ್ಚು ಕೊಡುತ್ತೇವೆ ಎಂದು ಒಬ್ಬರು ಹೇಳಿದರೆ, ಹಸಿಯಾಗಿಯೇ ತುಂಬಿಸಿಬಿಡಿ, ಒಣಗಿಸಿದರೆ ತೂಕ ಹೋಗಿ ನಿಮಗೇ ನಷ್ಟ ಎಂದು ಇನ್ನೊಬ್ಬರು ಹೇಳುತ್ತಾರೆ. ಅಕೇಶಿಯಾ ಕಾಗದಕ್ಕೆ ಹೋಗುತ್ತದೆ, ಹರಿಹರದ ಕಡೆಗೆ ಹೋದ ನೀಲಗಿರಿ ಬಟ್ಟೆಯ ನೂಲಾಗುತ್ತದೆ, ಸಿಲ್ವರ್ ಮಾತ್ರ ಪಲ್ಪ್‌ಗೆ, ಅಂದರೆ ಮರದಿಂದ ತೆಗೆಯುವ ನಾರಿನ ತಿರುಳಿಗೆ, ಬೇಡ ಎಂಬುದು ಅವರೆಲ್ಲರೂ ಒಪ್ಪುವ ಮಾತು. ಮರದಿಂದ ಕಾಗದವಾಗುವುದು ಶಾಲೆಯಲ್ಲಿ ಓದಿದ ಸಂಗತಿ. ಅದೇ ಮರ ಅಂಗಿಯ ಬಟ್ಟೆಯಾಗುವುದು ಹೇಗೆ? ಕಾರ್ಖಾನೆಗೆ ಮರದಲ್ಲಿ ನಿಜವಾಗಿ ಬೇಕಾಗಿರುವುದು ಏನು, ನಾವು ಯಾವುದಕ್ಕೆ ಬೆಲೆ ಕೇಳಬೇಕು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಾಸನದ ನಿವೃತ್ತ ತಂತ್ರಜ್ಞ

ಪಲ್ಪ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಈಗ ಹಾಸನದಲ್ಲಿ ನೆಲೆಸಿರುವವನು ನಾನು. ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ದರದ ಗೊಂದಲ ಬಹುಮಟ್ಟಿಗೆ ಬಗೆಹರಿಯುತ್ತದೆ.

ಪೂರ್ತಿ ಒಣಗಿದ ಮರದ ತೂಕದಲ್ಲಿ ನೂರಕ್ಕೆ 40ರಿಂದ 50ರಷ್ಟು ಸೆಲ್ಯುಲೋಸ್ ಇರುತ್ತದೆ. ಮರದ ನಾರೆಂದರೆ ಮುಖ್ಯವಾಗಿ ಅದೇ. ಇಡೀ ಮರದ ಒಣ ತೂಕದಲ್ಲಿ ಸುಮಾರು ಕಾಲು ಭಾಗ ಲಿಗ್ನಿನ್ ಎಂಬ ಅಂಟು. ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ ಅದು ನಾರುಗಳನ್ನು ಒಂದಕ್ಕೊಂದು ಬಿಗಿದಿಟ್ಟು ಮರಕ್ಕೆ ಗಡಸುತನವನ್ನು ಕೊಡುತ್ತದೆ. ಮಿಕ್ಕದ್ದು ಸೆಲ್ಯುಲೋಸಿನ ಜಾತಿಯದೇ ಆದರೂ ಅದಕ್ಕಿಂತ ಸುಲಭವಾಗಿ ಕರಗುವ ಹೆಮಿಸೆಲ್ಯುಲೋಸ್, ರಾಳ, ಬಣ್ಣದ ಅಂಶಗಳು ಮತ್ತು ಸ್ವಲ್ಪ ಬೂದಿಯ ಅಂಶ. ಪಲ್ಪ್ ತಯಾರಿಕೆಯೆಂದರೆ ನಾರನ್ನು ಉಳಿಸಿಕೊಂಡು ಈ ಅಂಟನ್ನು ಬಿಡಿಸುವ ಕೆಲಸ. ಮರವನ್ನು ಅರೆದು ಬಿಡಿಸಬಹುದು, ಇಲ್ಲವೇ ರಾಸಾಯನಿಕದಲ್ಲಿ ಬೇಯಿಸಿ ಬಿಡಿಸಬಹುದು.

ಅರೆಯುವ ವಿಧಾನದಲ್ಲಿ ಮರದ ತೂಕದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಪಲ್ಪ್ ಆಗಿಯೇ ಕೈಗೆ ಬರುತ್ತದೆ, ಆದರೆ ಲಿಗ್ನಿನ್ ಕೂಡ ಅದರಲ್ಲೇ ಉಳಿದುಬಿಡುತ್ತದೆ. ಅಂತಹ ಕಾಗದ ಬಿಸಿಲು ಕಂಡರೆ ಹಳದಿಯಾಗುತ್ತದೆ. ಹಳೆಯ ದಿನಪತ್ರಿಕೆಗಳ ಬಣ್ಣಕ್ಕೆ ಕಾರಣ ಇದೇ. ಬೇಯಿಸುವ ವಿಧಾನದಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಕ್ರಾಫ್ಟ್ ಕ್ರಮ. ಕಾರ್ಲ್ ಡಾಲ್ ಎಂಬ ರಸಾಯನ ತಜ್ಞರು 1879ರಲ್ಲಿ ಡಾನ್ಜಿಗ್ (ಇಂದಿನ ಪೋಲೆಂಡಿನ ಗ್ಡಾನ್ಸ್ಕ್) ನಗರದಲ್ಲಿ ರೂಪಿಸಿದ ಈ ಕ್ರಮದಲ್ಲಿ, ಮರವನ್ನು ಬೆರಳಗಲದ ಚಕ್ಕೆಗಳಾಗಿ ಕತ್ತರಿಸಿ, ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡ್ ಬೆರೆಸಿದ ದ್ರಾವಣದೊಂದಿಗೆ ಡೈಜೆಸ್ಟರ್ ಎಂಬ ದೊಡ್ಡ ಕಡಾಯದಲ್ಲಿ ತುಂಬಿ, ಒತ್ತಡದಲ್ಲಿ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲಾಗುತ್ತದೆ. ಲಿಗ್ನಿನ್ ಕರಗಿ ದ್ರಾವಣಕ್ಕೆ ಇಳಿಯುತ್ತದೆ, ನಾರು ಬಿಡಿಬಿಡಿಯಾಗಿ ಉಳಿಯುತ್ತದೆ. ಇಲ್ಲಿ ಒಣ ಮರದ ತೂಕದ ಅರ್ಧಕ್ಕಿಂತ ಕಡಿಮೆ, ಅಂದರೆ ನೂರಕ್ಕೆ 45ರಿಂದ 50ರಷ್ಟು ಮಾತ್ರ ಪಲ್ಪ್ ಸಿಗುತ್ತದೆ. ಅದನ್ನು ತೊಳೆದು, ಬಿಳಿ ಕಾಗದ ಬೇಕಾದರೆ ಆಮ್ಲಜನಕ, ಕ್ಲೋರಿನ್ ಡೈಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದವುಗಳಿಂದ ಹಂತಹಂತವಾಗಿ ಬಿಳುಪು ಮಾಡುತ್ತಾರೆ. ನೇರವಾಗಿ ಕ್ಲೋರಿನ್ ಅನಿಲವನ್ನೇ ಬಳಸುತ್ತಿದ್ದ ಹಳೆಯ ಪದ್ಧತಿಯಲ್ಲಿ ಡಯಾಕ್ಸಿನ್‌ನಂತಹ ವಿಷವಸ್ತುಗಳು ಉಂಟಾಗುತ್ತಿದ್ದುದರಿಂದ ಜಗತ್ತಿನ ಹೆಚ್ಚಿನ ಕಾರ್ಖಾನೆಗಳು ಅದನ್ನು ಕೈಬಿಟ್ಟಿವೆ.

ಕರಗಿಹೋದ ಅರ್ಧ ಭಾಗ ವ್ಯರ್ಥವಾಗುವುದಿಲ್ಲ. ಲಿಗ್ನಿನ್ ತುಂಬಿದ ಆ ಕಪ್ಪು ದ್ರಾವಣವನ್ನು ಗಟ್ಟಿಯಾಗುವಂತೆ ಇಂಗಿಸಿ ರಿಕವರಿ ಬಾಯ್ಲರಿನಲ್ಲಿ ಉರಿಸುತ್ತಾರೆ. ಅದರಿಂದ ಉಗಿ ಮತ್ತು ವಿದ್ಯುತ್ತು ಬರುತ್ತವೆ, ತಳದಲ್ಲಿ ಉಳಿದ ಸೋಡಿಯಂ ಲವಣಗಳನ್ನು ಸುಣ್ಣದೊಂದಿಗೆ ಸಂಸ್ಕರಿಸಿ ಮತ್ತೆ ಬೇಯಿಸುವ ದ್ರಾವಣವನ್ನಾಗಿ ಮಾಡುತ್ತಾರೆ. ನನ್ನನ್ನು ಕೇಳಿದರೆ, ಪಲ್ಪ್ ಕಾರ್ಖಾನೆಯ ಲಾಭನಷ್ಟ ನಿಂತಿರುವುದು ಡೈಜೆಸ್ಟರಿಗಿಂತ ಹೆಚ್ಚಾಗಿ ಈ ಬಾಯ್ಲರಿನ ಮೇಲೆ.

ಇನ್ನು ತೊಗಟೆಯ ಮಾತು. ನೀಲಗಿರಿಯ ತೊಗಟೆಯಲ್ಲಿ ಪಲ್ಪ್‌ಗೆ ಒದಗುವ ನಾರು ಕಡಿಮೆ, ಮಣ್ಣು, ಮರಳು ಮತ್ತು ಬೂದಿಯ ಅಂಶ ಹೆಚ್ಚು. ಅದು ಒಳಗೆ ಹೋದರೆ ರಾಸಾಯನಿಕವನ್ನು ಕುಡಿಯುತ್ತದೆ, ಕಾಗದದಲ್ಲಿ ಕಪ್ಪು ಚುಕ್ಕೆಗಳನ್ನು ಬಿಡುತ್ತದೆ. ಹಾಗಾಗಿ ಸುಲಿದ ಮಾಲಿಗೆ ಹೆಚ್ಚು ಬೆಲೆ ಕೊಡುವುದು ನ್ಯಾಯವೇ. ಕಡಿದ ಕೂಡಲೇ ಸುಲಿದರೆ ತೊಗಟೆ ಸಲೀಸಾಗಿ ಬರುತ್ತದೆ. ಒಣಗಿದ ಮೇಲೆ ದಿಮ್ಮಿಗೆ ಅಂಟಿಕೊಂಡು ಕೂಲಿ ಏರುತ್ತದೆ. ಆದುದರಿಂದ ದರದ ವ್ಯತ್ಯಾಸವನ್ನು ಸುಲಿಯುವ ಕೂಲಿಯೊಂದಿಗೆ ಮತ್ತು ಕಳೆದುಹೋಗುವ ತೊಗಟೆಯ ತೂಕದೊಂದಿಗೆ ಹೋಲಿಸಿ ನೋಡಿ ತೀರ್ಮಾನಿಸಿ.

ತೇವಾಂಶದ ಲೆಕ್ಕದಲ್ಲಿಯೇ ಬೆಳೆಗಾರರು ಹೆಚ್ಚು ಮೋಸ ಹೋಗುವುದು. ಹೊಸದಾಗಿ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಒಂದು ಟನ್ ಹಸಿ ಮರದಲ್ಲಿ 500 ಕೆ.ಜಿ. ಒಣ ಮರವಿದೆ ಎಂದುಕೊಳ್ಳಿ. ಅದೇ ರಾಶಿ ಬಿಸಿಲಿಗೆ ಬಿದ್ದು ತೇವಾಂಶ ನೂರಕ್ಕೆ 30ಕ್ಕೆ ಇಳಿದಾಗ ವೇಬ್ರಿಡ್ಜ್‌ನಲ್ಲಿ ಅದು ತೂಗುವುದು ಸುಮಾರು 714 ಕೆ.ಜಿ. ಒಳಗಿರುವ ನಾರು ಒಂದಿಷ್ಟೂ ಕಡಿಮೆಯಾಗಿಲ್ಲ, ಹೋದದ್ದು ನೀರು ಮಾತ್ರ. ಹಾಗಾದರೆ ಒಣಗಿದ ಮಾಲಿಗೆ ಟನ್ನಿನ ದರ ಹಸಿ ಮಾಲಿನ ದರದ 1.4 ಪಟ್ಟು ಇದ್ದರೆ ಮಾತ್ರ ತಮಗೆ ಸರಿಸಮ. ಅದಕ್ಕಿಂತ ಹೆಚ್ಚು ಕೊಟ್ಟರೆ ಒಣಗಿಸುವುದು ಲಾಭ, ಕಡಿಮೆ ಕೊಟ್ಟರೆ ಹಸಿಯಾಗಿಯೇ ತುಂಬಿಸುವುದು ಲೇಸು. ತಮಗೆ ಸಲಹೆ ಕೊಟ್ಟ ಇಬ್ಬರಲ್ಲಿ ಯಾರು ಸರಿ ಎಂಬುದು ಅವರ ಮಾತಿನಲ್ಲಿ ಇಲ್ಲ, ಅವರು ಹೇಳುವ ಎರಡು ದರಗಳ ಅನುಪಾತದಲ್ಲಿದೆ. ಸಾಗಣೆಯ ಖರ್ಚು ತಮ್ಮದಾದರೆ ನೀರನ್ನು ಹೊತ್ತೊಯ್ಯುವ ಬಾಡಿಗೆಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಬಟ್ಟೆಯ ವಿಚಾರ ನಿಜ. ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿರುವ ಗ್ರಾಸಿಮ್ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಘಟಕ ತಯಾರಿಸುವುದು ರೇಯಾನ್ ದರ್ಜೆಯ ಪಲ್ಪ್. ಕಾಗದಕ್ಕೆ ಹೆಮಿಸೆಲ್ಯುಲೋಸ್ ಸ್ವಲ್ಪ ಉಳಿದರೆ ಒಳ್ಳೆಯದೇ, ಅದು ನಾರುಗಳ ಬೆಸುಗೆಗೆ ನೆರವಾಗುತ್ತದೆ. ನೂಲಿಗೆ ಅದು ತೊಡಕು. ಆದ್ದರಿಂದ ಚಕ್ಕೆಗಳನ್ನು ಮೊದಲು ಬಿಸಿನೀರು ಅಥವಾ ಉಗಿಯಲ್ಲಿ ಹದಗೊಳಿಸಿ ಹೆಮಿಸೆಲ್ಯುಲೋಸನ್ನು ತೆಗೆದು, ಆಮೇಲೆ ಬೇಯಿಸಿ, ಶುದ್ಧ ಸೆಲ್ಯುಲೋಸ್ ನೂರಕ್ಕೆ ತೊಂಬತ್ತನ್ನು ಮೀರುವಂತೆ ಮಾಡುತ್ತಾರೆ. ಹೀಗಾಗಿ ಅದೇ ಮರದಿಂದ ಸಿಗುವ ಪಲ್ಪ್ ಕಾಗದದ ಪಲ್ಪ್‌ಗಿಂತ ಗಣನೀಯವಾಗಿ ಕಡಿಮೆ. ಆ ಪಲ್ಪಿನ ಹಾಳೆಗಳನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್‌ನೊಂದಿಗೆ ಬೆರೆಸಿದಾಗ ಕಿತ್ತಳೆ ಬಣ್ಣದ ವಸ್ತುವಾಗುತ್ತದೆ. ಅದನ್ನು ತೆಳು ಕಾಸ್ಟಿಕ್ ದ್ರಾವಣದಲ್ಲಿ ಕರಗಿಸಿ ಬರುವ ಮಂದ ದ್ರವವನ್ನು ಅತಿಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಒತ್ತಿದರೆ, ಸೆಲ್ಯುಲೋಸ್ ಮತ್ತೆ ಗಟ್ಟಿಯಾಗಿ ಎಳೆಯಾಗಿ ಹೊರಬರುತ್ತದೆ. ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಇದನ್ನು 1892ರಲ್ಲಿ ಕಂಡುಕೊಂಡರು. ಅಂಗಡಿಯಲ್ಲಿ ವಿಸ್ಕೋಸ್ ಅಥವಾ ರೇಯಾನ್ ಎಂಬ ಚೀಟಿ ಇರುವ ಬಟ್ಟೆಯೆಲ್ಲ ಈ ಬಗೆಯದು. ಎಳೆಯ ಬದಲು ತೆಳುವಾದ ಸೀಳಿನಿಂದ ಒತ್ತಿದರೆ ಅದೇ ದ್ರವ ಸೆಲೋಫೇನ್ ಹಾಳೆಯಾಗುತ್ತದೆ.

ಅಕೇಶಿಯಾ ಕಾಗದಕ್ಕೆ ಒಳ್ಳೆಯ ಮರ. ಆದರೆ ಬಲಿತ ಅಕೇಶಿಯಾದ ಕೆಚ್ಚಿನಲ್ಲಿ ಬಣ್ಣದ ಅಂಶ ಹೆಚ್ಚಿರುವುದರಿಂದ ಬೇಯಿಸಲು ಮತ್ತು ಬಿಳುಪು ಮಾಡಲು ಖರ್ಚು ತುಸು ಹೆಚ್ಚು.

ಉತ್ತರ: ಮೂಡಿಗೆರೆ ತೋಟದವರು

ಸಿಲ್ವರ್ ಪಲ್ಪ್‌ಗೆ ಬೇಡ ಎಂದು ವ್ಯಾಪಾರಿಗಳು ಹೇಳಿದ್ದು ಸರಿಯಿದ್ದರೂ ಅದಕ್ಕೆ ಕಾರಣ ಮರದ ದೋಷವಲ್ಲ ಎಂಬುದನ್ನು ಸೇರಿಸಬೇಕೆನಿಸಿತು. ಬೇಯಿಸಿದರೆ ಅದರಿಂದಲೂ ಪಲ್ಪ್ ಬರುತ್ತದೆ. ಆದರೆ ನೇರವಾಗಿ, ಗಂಟುಗಳಿಲ್ಲದೆ, ಉರುಟಾಗಿ ಬೆಳೆಯುವ ಸಿಲ್ವರ್ ದಿಮ್ಮಿಯನ್ನು ಪ್ಲೈವುಡ್ ಕಾರ್ಖಾನೆಯವರು ಯಂತ್ರದಲ್ಲಿ ತಿರುಗಿಸಿ ಉದ್ದನೆಯ ಹಾಳೆಯಾಗಿ ಸುಲಿಯುತ್ತಾರೆ, ಪ್ಯಾಕಿಂಗ್ ಪೆಟ್ಟಿಗೆಗಳಿಗೂ ಅದಕ್ಕೆ ಬೇಡಿಕೆಯಿದೆ. ಹಾಳೆಯಾಗಿ ಸುಲಿಯಬಹುದಾದ ದಿಮ್ಮಿಯನ್ನು ಚಕ್ಕೆ ಮಾಡಿ ಬೇಯಿಸಲು ಯಾರೂ ಅಷ್ಟು ಬೆಲೆ ಕೊಡಲಾರರು. ದಪ್ಪನೆಯ ಸಿಲ್ವರ್ ಮರಗಳನ್ನು ಟನ್ನಿನ ಲೆಕ್ಕದಲ್ಲಿ ನೀಲಗಿರಿಯ ಜೊತೆ ಒಟ್ಟಾಗಿ ಮಾರಬೇಡಿ, ಸುತ್ತಳತೆಯ ಪ್ರಕಾರ ಬೇರೆಯಾಗಿ ವಿಂಗಡಿಸಿ ಪ್ಲೈವುಡ್‌ನವರನ್ನು ಕೇಳಿ.

ಕಡಿಯುವುದಾದರೆ ಕಾಫಿ ಕೊಯ್ಲು ಪೂರ್ತಿ ಮುಗಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು ಕಡಿಸುವುದು ವಾಸಿ. ಒಂದೇ ಸಲಕ್ಕೆ ತೋಟವನ್ನು ಬೋಳು ಮಾಡಿದರೆ ಅರೇಬಿಕಾ ಗಿಡಕ್ಕೆ ಕಾಂಡಕೊರಕದ ಕಾಟ ಹೆಚ್ಚುತ್ತದೆ. ಮರದ ಹಣಕ್ಕಿಂತ ಗಿಡದ ನಷ್ಟವೇ ದೊಡ್ಡದಾದೀತು. ಸಿಲ್ವರಿಗೆ ಹಬ್ಬಿರುವ ಮೆಣಸಿನ ಬಳ್ಳಿಯ ಗತಿಯನ್ನೂ ಯೋಚಿಸಿ. ನಮ್ಮ ಕಡೆ ಎಲ್ಲರೂ ಅತ್ತಿ, ಹಲಸು, ನೇರಳೆಗಳನ್ನು ತೆಗೆಸಿ ಸಿಲ್ವರನ್ನೇ ತುಂಬಿದ್ದು ನನಗೇನೋ ಒಪ್ಪಿಗೆಯಿಲ್ಲ, ಅದು ಬೇರೆಯೇ ಚರ್ಚೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಪಡೆದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಮತ್ತು ನೀಲಗಿರಿ ಎರಡೂ ಇವೆ. ಅಕೇಶಿಯಾದ ಬಗ್ಗೆ ಮತ್ತು ಸಾಗಣೆಯ ರಹದಾರಿಯ ಬಗ್ಗೆ ಲಾರಿ ತರಿಸುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಉತ್ತರ: ತರೀಕೆರೆಯಿಂದ ಒಬ್ಬ ಓದುಗ

ಬೆಲೆಯ ಲೆಕ್ಕ ಚೆನ್ನಾಗಿ ಬಂದಿದೆ. ಆದರೆ ನೀಲಗಿರಿಯನ್ನು ಕಡಿದ ಮೇಲೆ ಆ ಜಮೀನಿನಲ್ಲಿ ಏನು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳ ನಮಗೆ ಪಲ್ಪ್‌ಮರದ ಕಥೆ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನೊಂದಿಗೆ ಹೆಣೆದುಕೊಂಡಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಗೆ 1980ರಲ್ಲಿ ಸರ್ಕಾರ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಅಕೇಶಿಯಾ ಮತ್ತು ನೀಲಗಿರಿಯ ನೆಡುತೋಪುಗಳು ಮಲೆನಾಡಿನಲ್ಲಿ ಆ ಪ್ರಮಾಣದಲ್ಲಿ ಹರಡಿದ್ದು ಹೀಗೆ. ಕಳೆದ ದಶಕದ ಮಧ್ಯಭಾಗದಲ್ಲಿ ಕಾರ್ಖಾನೆಯ ಉತ್ಪಾದನೆಯೇ ನಿಂತುಹೋಯಿತು. ಆದರೂ 2020ರಲ್ಲಿ ಗುತ್ತಿಗೆಯ ಅವಧಿ ಮುಗಿದಾಗ ಅದನ್ನು ನವೀಕರಿಸಲಾಯಿತು, ಮಲೆನಾಡಿನಲ್ಲಿ ಅದಕ್ಕೆ ಬಲವಾದ ವಿರೋಧ ಎದ್ದಿತು. ಉತ್ತರ ಕನ್ನಡದಲ್ಲಿಯೂ ದಾಂಡೇಲಿಯ ಕಾಗದದ ಕಾರ್ಖಾನೆಗೆಂದು ದಶಕಗಳ ಕಾಲ ಕಾಡಿನ ಬಿದಿರನ್ನು ಕಡಿದು, ಅದು ಬರಿದಾದ ಮೇಲೆಯೇ ನೆಟ್ಟ ಮರಗಳತ್ತ ಹೊರಳಿದ್ದು. ಕಾಗದ ಬೇಡವೆಂದು ನಾನು ಹೇಳುತ್ತಿಲ್ಲ. ಪಲ್ಪ್‌ಮರವನ್ನು ರೈತರು ತಮ್ಮ ಹೊಲದಲ್ಲಿ ಬೆಲೆಯ ಅರಿವಿನಿಂದ ಬೆಳೆಯುವುದೇ ಬೇರೆ, ಕಾಡನ್ನು ಸವರಿ ಅಲ್ಲಿ ಒಂದೇ ಜಾತಿಯ ಮರವನ್ನು ತುಂಬುವುದೇ ಬೇರೆ.

ನೀಲಗಿರಿ ನೀರು ಕುಡಿಯುತ್ತದೆಯೇ ಇಲ್ಲವೇ ಎಂದು ಜಗಳವಾಡುವವರು ಮಣ್ಣಿನ ಆಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದಲ್ಲಿಯೇ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸಕೋಟೆಯ ಆಳವಾದ ಕೆಂಪು ಮಣ್ಣಿನಲ್ಲಿ ನೀಲಗಿರಿ ಬಳಸಿದ ನೀರು ಆ ಅವಧಿಯಲ್ಲಿ ಬಿದ್ದ ಮಳೆಗಿಂತ ಹೆಚ್ಚಾಗಿತ್ತು. ಬೇರುಗಳು ಇಳಿದಂತೆಲ್ಲ ಮಣ್ಣಿನಲ್ಲಿ ಮೊದಲೇ ಸಂಗ್ರಹವಾಗಿದ್ದ ತೇವವನ್ನು ಹೀರಿದ್ದವು. ಮಣ್ಣಿನ ಆಳ ಅಷ್ಟಿಲ್ಲದ ಕಡೆಗಳಲ್ಲಿ ಅದರ ನೀರಿನ ಬಳಕೆ ಸ್ಥಳೀಯ ಒಣ ಕಾಡಿಗಿಂತ ಹೆಚ್ಚೇನೂ ಭಿನ್ನವಾಗಿರಲಿಲ್ಲ. ಹಳೇಬೀಡಿನ ಕಡೆ ಮಳೆ ಕಡಿಮೆ, ಕೊಳವೆಬಾವಿಯೇ ಆಧಾರ. ಅಲ್ಲಿ ಮಣ್ಣು ಆಳವಾಗಿದ್ದರೆ ನೀಲಗಿರಿಯನ್ನು ಮತ್ತೆ ಬೆಳೆಸುವ ಮೊದಲು ತಾವು ಎರಡು ಸಲ ಯೋಚಿಸಬೇಕು.

ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿಯ ಹೊಸ ನಾಟಿಯನ್ನು ನಿಷೇಧಿಸಿತು. ಕಡಿದ ಬುಡದಿಂದ ಚಿಗುರು ತಾನಾಗಿ ಬರುತ್ತದೆ, ಅದನ್ನು ಉಳಿಸಿಕೊಳ್ಳುವ ವಿಚಾರದಲ್ಲಿ ಈಗಿನ ನಿಯಮವನ್ನು ಅರಣ್ಯ ಇಲಾಖೆಯಲ್ಲಿಯೇ ಕೇಳಿ. ಬುಡ ಕೀಳಿಸುವುದಾದರೆ ಜೆಸಿಬಿಯ ಖರ್ಚನ್ನು ಈಗಲೇ ವ್ಯಾಪಾರದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಮರವೇ ಬೇಕೆಂದರೆ ಹೆಬ್ಬೇವು ಇದೆ, ಪ್ಲೈವುಡ್ಡಿಗೂ ಪಲ್ಪ್‌ಗೂ ಒದಗುತ್ತದೆ.

ಪ್ರಶ್ನೆ ಕೇಳಿದವರು: ಬೇಲೂರು ಬೆಳೆಗಾರ

ಮೂವರಿಗೂ ಕೃತಜ್ಞತೆಗಳು. 1.4 ಪಟ್ಟಿನ ಲೆಕ್ಕವನ್ನು ಹಿಡಿದು ನೋಡಿದಾಗ, ಒಣಗಿದ ಮಾಲಿಗೆ ನನಗೆ ಹೇಳಿದ್ದ ದರ ಅದಕ್ಕಿಂತ ಬಹಳ ಕೆಳಗಿದೆ. ಹಸಿಯಾಗಿ, ಸುಲಿದು ಕೊಡುವುದೆಂದು ತೀರ್ಮಾನಿಸಿದ್ದೇನೆ. ಸಿಲ್ವರನ್ನು ಬೇರೆಯಾಗಿಯೇ ಕೇಳಿಸುತ್ತೇನೆ.

ಇನ್ನೊಂದು ಸಂದೇಹ ನಿವೃತ್ತ ತಂತ್ರಜ್ಞರಿಗೆ. ಮರವನ್ನು ಕಡಿಯದೆ, ನಮ್ಮಲ್ಲಿ ರಾಶಿ ಬೀಳುವ ಕಾಫಿ ಹೊಟ್ಟು, ಅರಸೀಕೆರೆ ಮತ್ತು ಚನ್ನರಾಯಪಟ್ಟಣದ ಕಡೆಯ ತೆಂಗಿನ ಸಿಪ್ಪೆ, ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು ಇವುಗಳಿಂದ ಸಹಕಾರ ಸಂಘದ ಮಟ್ಟದಲ್ಲಿ ಸಣ್ಣದೊಂದು ಪಲ್ಪ್ ಘಟಕ ಮಾಡಲು ಸಾಧ್ಯವೇ? ಪಲ್ಪ್‌ಗೆ ಕಾಗದ ಮತ್ತು ಬಟ್ಟೆಯ ಹೊರತು ಬೇರೆ ಉಪಯೋಗಗಳೂ ಇವೆಯೇ?

ಉತ್ತರ: ಹಾಸನದ ನಿವೃತ್ತ ತಂತ್ರಜ್ಞ

ತಾವು ಹೇಳಿದ ನಾಲ್ಕರಲ್ಲಿ ಕಬ್ಬಿನ ಸಿಪ್ಪೆಯೊಂದೇ ನಿಜವಾಗಿ ಯೋಗ್ಯವಾದದ್ದು. ಅದರ ಒಳಗಿನ ಮೆದು ಭಾಗವನ್ನು ತೆಗೆದುಹಾಕಿದರೆ ಉಳಿದ ನಾರು ಬರೆಯುವ ಕಾಗದಕ್ಕೂ ಮುದ್ರಣ ಕಾಗದಕ್ಕೂ ಆಗುತ್ತದೆ. ತಮಿಳುನಾಡಿನ ಕರೂರು ಜಿಲ್ಲೆಯ ಟಿಎನ್‌ಪಿಎಲ್ (ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್) ಕಾರ್ಖಾನೆ 1980ರ ದಶಕದಿಂದ ಇದನ್ನೇ ಮುಖ್ಯ ಕಚ್ಚಾವಸ್ತುವಾಗಿ ಇಟ್ಟುಕೊಂಡು ನಡೆದಿದೆ. ಆದರೆ ಸಕ್ಕರೆ ಕಾರ್ಖಾನೆಗಳು ತಮ್ಮ ಸಿಪ್ಪೆಯನ್ನು ತಮ್ಮ ಬಾಯ್ಲರಿಗೇ ಉರಿಸಿಕೊಳ್ಳುತ್ತವೆ. ಅದನ್ನು ಬಿಡಿಸಿಕೊಳ್ಳಬೇಕಾದರೆ ಬದಲಿ ಇಂಧನವನ್ನು ಕೊಡಬೇಕಾಗುತ್ತದೆ.

ತೆಂಗಿನ ನಾರಿನಲ್ಲಿ ಲಿಗ್ನಿನ್ ನೂರಕ್ಕೆ ನಲವತ್ತನ್ನು ಮೀರುತ್ತದೆ. ನೀರಿನಲ್ಲಿ ತಿಂಗಳುಗಟ್ಟಲೆ ನೆನೆದರೂ ಹಗ್ಗ ಕೊಳೆಯದಿರುವ ಗುಣ ಅದರಿಂದಲೇ ಬಂದದ್ದು, ಪಲ್ಪ್‌ಗೆ ಮಾತ್ರ ಅದೇ ಗುಣ ಶತ್ರು. ಕಾಫಿ ಹೊಟ್ಟಿನ ನಾರು ತೀರಾ ಗಿಡ್ಡ, ಒಲೆ ಮತ್ತು ಬಾಯ್ಲರಿಗೆ ಅದು ಸಲ್ಲುತ್ತದೆ, ಗೊಬ್ಬರಕ್ಕೂ ಸಲ್ಲುತ್ತದೆ. ಭತ್ತದ ಹುಲ್ಲು ಸುಲಭವಾಗಿ ಬೇಯುತ್ತದೆ, ಆದರೆ ಅದರಲ್ಲಿ ಸಿಲಿಕಾ ಹೆಚ್ಚು. ಸಿಲಿಕಾ ಬೆರೆತ ಕಪ್ಪು ದ್ರಾವಣ ಇಂಗಿಸುವಾಗ ಕೊಳವೆಗಳಲ್ಲಿ ಕಲ್ಲಿನಂತೆ ಕಟ್ಟಿಕೊಂಡು ರಿಕವರಿ ಬಾಯ್ಲರನ್ನೇ ಕೆಡಿಸುತ್ತದೆ. ಸಣ್ಣ ಘಟಕದ ತೊಡಕು ಇಲ್ಲಿಯೇ ಇರುವುದು. ರಿಕವರಿ ಬಾಯ್ಲರು ದೊಡ್ಡ ಪ್ರಮಾಣದಲ್ಲಿ ಮಾತ್ರ ಕೈಗೆಟುಕುವ ಯಂತ್ರ. ಅದಿಲ್ಲದೆ ರಾಸಾಯನಿಕ ಪಲ್ಪ್ ಮಾಡಿದರೆ ಕಪ್ಪು ದ್ರಾವಣವನ್ನು ಹಳ್ಳಕ್ಕೋ ಹೊಳೆಗೋ ಬಿಡದೆ ಗತ್ಯಂತರವಿರುವುದಿಲ್ಲ. ದೇಶದ ಬೇರೆ ಭಾಗಗಳಲ್ಲಿ ಹುಲ್ಲಿನಿಂದ ಕಾಗದ ಮಾಡುತ್ತಿದ್ದ ಎಷ್ಟೋ ಸಣ್ಣ ಘಟಕಗಳು ಮಾಲಿನ್ಯದ ಕಾರಣದಿಂದ ಬಾಗಿಲು ಹಾಕಿದ್ದು ಹೀಗೆಯೇ. ಹೇಮಾವತಿಯ ಬಗಲಲ್ಲಿ ಅಂತಹದೊಂದನ್ನು ಮಾಡಿ ಎಂದು ನಾನಂತೂ ಹೇಳಲಾರೆ.

ಸಹಕಾರ ಸಂಘದ ಅಳತೆಗೆ ಒಗ್ಗುವುದು ರದ್ದಿ ಕಾಗದ ಮತ್ತು ಹತ್ತಿ ಬಟ್ಟೆಯ ಚೂರುಗಳಿಂದ ಮಾಡುವ ಕೈಕಾಗದ. ಅಲ್ಲಿ ಬೇಯಿಸುವ ರಗಳೆ ಬಹುತೇಕ ಇಲ್ಲ, ಬೀಟರ್ ಯಂತ್ರದಲ್ಲಿ ಅರೆದರೆ ಸಾಕು. ರದ್ದಿಯ ನಾರು ಪ್ರತಿ ಸುತ್ತಿಗೂ ಗಿಡ್ಡವಾಗುತ್ತ ಹೋಗಿ ಐದಾರು ಸುತ್ತಿನ ಮೇಲೆ ಕಾಗದ ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹತ್ತಿಯ ಚೂರನ್ನು ಬೆರೆಸುವುದು ಒಳ್ಳೆಯದು. ಹತ್ತಿಯೆಂದರೆ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸೇ; ನಮ್ಮ ನೋಟುಗಳ ಕಾಗದಕ್ಕೆ ಮರದ ಪಲ್ಪ್ ಬಳಸದೆ ಹತ್ತಿಯನ್ನು ಬಳಸುವುದು ಅದರ ಬಾಳಿಕೆಗಾಗಿ.

ಬೇರೆ ಉಪಯೋಗಗಳು ಬೇಕಾದಷ್ಟಿವೆ, ಹೆಚ್ಚಿನವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಔಷಧದ ಮಾತ್ರೆ ಪುಡಿಯಾಗದಂತೆ ಹಿಡಿದಿಡುವ ಬಿಳಿ ಪುಡಿಯಲ್ಲಿ ಬಹುಪಾಲು ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್, ಅಂದರೆ ಪಲ್ಪನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡಿದ್ದು. ಟೂತ್‌ಪೇಸ್ಟಿಗೆ ಮಂದತೆಯನ್ನು ಮತ್ತು ಐಸ್‌ಕ್ರೀಮಿಗೆ ನುಣುಪನ್ನು ಕೊಡುವ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಎಂಬ ಪದಾರ್ಥವೂ ಸೆಲ್ಯುಲೋಸಿನಿಂದಲೇ ಬರುತ್ತದೆ. ಮಕ್ಕಳ ಡೈಪರಿನಲ್ಲಿ ಇರುವುದು ಹತ್ತಿಯಂತೆ ಕಾಣುವ ಫ್ಲಫ್ ಪಲ್ಪ್. ಅದಕ್ಕೆ ಹೆಚ್ಚಾಗಿ ಬಳಸುವುದು ಮೂರು ಮಿಲಿಮೀಟರಿನಷ್ಟು ಉದ್ದದ ಪೈನ್ ನಾರು, ಒಂದು ಮಿಲಿಮೀಟರನ್ನೂ ಮುಟ್ಟದ ನೀಲಗಿರಿಯ ನಾರಿನ ಬಳಕೆ ಅಲ್ಲಿ ಕಡಿಮೆ. ಲಿಗ್ನಿನ್‌ನಿಂದ ತೆಗೆದ ಲಿಗ್ನೋಸಲ್ಫೋನೇಟನ್ನು ಕಾಂಕ್ರೀಟಿನಲ್ಲಿ ನೀರನ್ನು ಕಡಿಮೆ ಮಾಡಲು ಬೆರೆಸುತ್ತಾರೆ. ಕಾಫಿ ಕುಡಿಯುವ ಕಾಗದದ ಲೋಟವೂ ಪಲ್ಪೇ, ಆದರೆ ಒಳಮೈಗೆ ತೆಳುವಾದ ಪಾಲಿಥೀನ್ ಪದರವಿರುವುದರಿಂದ ಸಾಮಾನ್ಯ ರದ್ದಿಯ ಜೊತೆ ಅದನ್ನು ಅರೆಯಲು ಬರುವುದಿಲ್ಲ. ಕೈಕಾಗದದ ಘಟಕವನ್ನು ಮಾಡುವುದಾದರೆ ರದ್ದಿಯನ್ನು ಆರಿಸುವಾಗ ಈ ಲೋಟಗಳನ್ನೂ ಮೇಣ ಸವರಿದ ಕಾಗದವನ್ನೂ ಮೊದಲೇ ಬೇರ್ಪಡಿಸಬೇಕು.